ಕೈ ಚಾಚಿ ‘ಬೇಡ’ ಅನ್ನುವವಳು

ನನ್ನ ಮಗಳು ‘ಬೇಕು’ ಅನ್ನೋ ಪದಕ್ಕಿಂತ ಮೊದಲು ‘ಬೇಡ’ ಕಲಿತಳು. 17ನೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಬಾಳೆಹಣ್ಣು ತೋರಿಸಿ ಬೇಕಾ ಅಂತ ಕೇಳಿದೆ. ‘ಬೇಡ’ ಅಂದಳು. ಸರಿ ಅಂತ ಹಣ್ಣನ್ನು ವಾಪಸ್ ಇಡಲು ಹೋದರೆ ಮನೆ ಹಾರಿಹೋಗುವ ಹಾಗೆ ಅತ್ತಳು. ನೋಡಿದರೆ ಅವಳ ಎರಡೂ ಕೈ ಹಣ್ಣಿನ ಕಡೆ ಚಾಚಿಕೊಂಡೇ ಇದ್ದವು. ಬೇಡ ಅಂದಾಗಲೂ ಹಾಗೇ ಇದ್ದಿರಬೇಕು. ನಾನು ಬಾಯಿಯ ಮಾತು ಕೇಳಿದ್ದೆ, ಕೈ ನೋಡಿರಲಿಲ್ಲ.

ಮೊದಮೊದಲು ನಗು ಬಂತು. ವಿಡಿಯೋ ಮಾಡಿ ಮನೆಯವರಿಗೆಲ್ಲ ಕಳಿಸಿದ್ದೂ ಆಯಿತು. ಎರಡು ವಾರ ಕಳೆಯುವಷ್ಟರಲ್ಲಿ ನಗು ಕಮ್ಮಿ ಆಯಿತು. ಬಟ್ಟೆ ಹಾಕೋದು ಬೇಡ, ಬಿಚ್ಚೋದು ಬೇಡ. ಸ್ನಾನಕ್ಕೆ ಬರೋದು ಬೇಡ, ಒಮ್ಮೆ ನೀರಿಗಿಳಿದರೆ ಹೊರಗೆ ಬರೋದೂ ಬೇಡ. ಆಚೆ ಹೋಗೋಣ್ವಾ ಅಂದರೆ ಬೇಡ ಅನ್ನುತ್ತಾ ಬಾಗಿಲ ಹತ್ತಿರ ಓಡಿಹೋಗಿ ಶೂ ಹಿಡಿದು ನಿಲ್ಲುತ್ತಿದ್ದಳು. ‘ಹಠಮಾರಿ’ ಅನ್ನೋ ಪದ ಮೆಲ್ಲಗೆ ನಮ್ಮ ಮಾತಿನೊಳಗೆ ಬಂದು ಕೂತಿತು. ಅಮ್ಮ ಫೋನಿನಲ್ಲಿ ‘ಎಲ್ಲಾ ನಿನ್ನ ಹಾಗೇ’ ಅಂದರು. ಅದು ಬೇರೆ ಕಥೆ.

ನನಗೆ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಇವಳಿಗೆ ಗೊತ್ತಿರೋದು ಹತ್ತು ಹನ್ನೆರಡು ಪದ. ಅದರಲ್ಲಿ ಇದನ್ನೇ ಯಾಕೆ ಇಷ್ಟು ಚೆನ್ನಾಗಿ ಕಲಿತಳು?

ಗೀಟು ಹಾಕಿದ ಶನಿವಾರ

ಉತ್ತರ ಸಿಕ್ಕಿದ್ದು ಒಂದು ಶನಿವಾರ. ಹೆಂಡತಿ ಕೆಲಸದ ಮೇಲೆ ಎರಡು ದಿನ ಹೊರಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಇವಳು ದಿನಕ್ಕೆ ಎಷ್ಟು ಸಲ ಬೇಡ ಅಂತಾಳೆ ನೋಡೇಬಿಡೋಣ ಅಂತ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದೆ. ಅವಳು ಹೇಳಿದಾಗೆಲ್ಲ ಒಂದು ಗೀಟು. ಅರ್ಧ ಗಂಟೆ ಆಗುವಷ್ಟರಲ್ಲಿ ಒಂದು ವಿಷಯ ಹೊಳೆಯಿತು. ಗೀಟು ಹಾಕಲು ಓಡಿ ಬರುವ ದಾರಿಯಲ್ಲಿ ನಾನೇ ಎರಡು ಸಲ ಅದೇ ಪದ ಹೇಳಿರುತ್ತಿದ್ದೆ. ಪೆನ್ನು ಎಳೀಬೇಡ. ಆ ಬಾಗಿಲು ತೆಗೀಬೇಡ. ಕಾಗದದ ಮಧ್ಯೆ ಒಂದು ಗೆರೆ ಎಳೆದು ನನಗೂ ಒಂದು ಕಡೆ ಜಾಗ ಕೊಟ್ಟೆ.

ಮಧ್ಯಾಹ್ನ ಅವಳು ಮಲಗಿದ ಮೇಲೆ ಎಣಿಸಿದೆ. ಅವಳದು 14. ನನ್ನದು 61. ಮಧ್ಯದಲ್ಲಿ ಎಷ್ಟೋ ಹಾಕೋದು ಮರೆತಿದ್ದೆ, ಅದು ಬೇರೆ.

ಮುಟ್ಬೇಡ, ಹತ್ಬೇಡ, ಎಸೀಬೇಡ, ಬಾಯಿಗೆ ಹಾಕ್ಬೇಡ, ಚೆಲ್ಬೇಡ, ಕಚ್ಬೇಡ. ಒಮ್ಮೆ ಸುಮ್ನೆ ಜೋರಾಗಿ ಓದಿ ನೋಡಿ. ನಮ್ಮ ಭಾಷೆಯಲ್ಲಿ ಮಾಡುವ ಕೆಲಸ ಮುಂದೆ ಬರುತ್ತದೆ, ಬೇಡ ಬಾಲದ ಹಾಗೆ ಕೊನೆಗೆ ಬರುತ್ತದೆ. ಮುಂದಿನ ಪದ ಪ್ರತಿ ಸಲ ಬದಲಾಗುತ್ತದೆ. ಬಾಲ ಮಾತ್ರ ಅದೇ. ಅದೂ ಗದರುವ ದನಿಯಲ್ಲಿ, ದೊಡ್ಡ ಕಣ್ಣು ಮಾಡಿಕೊಂಡು, ಎಲ್ಲ ಕೆಲಸ ಬಿಟ್ಟು ಅವಳ ಕಡೆ ಓಡಿ ಬರುತ್ತಾ ಹೇಳುವ ಬಾಲ. ಮಾತು ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆ ಪಾಠ ಸಿಗುತ್ತಾ? ನಾವು ‘ಅಮ್ಮ ಅನ್ನು’, ‘ಅಪ್ಪ ಅನ್ನು’ ಅಂತ ಗಂಟೆಗಟ್ಟಲೆ ಕೂತು ಹೇಳಿಕೊಟ್ಟಿದ್ದೆವು. ಗೊತ್ತಿಲ್ಲದೆ ಹೇಳಿಕೊಟ್ಟಿದ್ದು ಬೇಗ ಹತ್ತಿತು.

ಅವತ್ತು ಸಂಜೆ ಇನ್ನೊಂದು ನೋಡಿದೆ. ಹಾಲ್‌ನಲ್ಲಿ ಗೋಡೆಯ ಕೆಳಗೆ ಒಂದು ಸ್ವಿಚ್‌ಬೋರ್ಡ್ ಇದೆ. ಪ್ಲಗ್ಗಿನ ತೂತುಗಳಿಗೆ ಮುಚ್ಚಳ ಹಾಕಿದ್ದೇವೆ, ಆದರೂ ಅದರ ಹತ್ತಿರ ಹೋದಾಗೆಲ್ಲ ಬಾಯಿಗೆ ಬೇಡ ಬಂದುಬಿಡುತ್ತದೆ. ನಾನು ಬಾಗಿಲ ಮರೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅವಳಿಗೆ ನಾನು ಕಾಣುತ್ತಿರಲಿಲ್ಲ. ಅವಳು ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎಡಗೈ ಬೆರಳು ಎತ್ತಿ ತನಗೆ ತಾನೇ ಆಡಿಸುತ್ತಾ ‘ಬೇಡ, ಬೇಡ’ ಅಂದಳು. ಬಲಗೈಯಲ್ಲಿ ಸ್ವಿಚ್ ಒತ್ತಿದಳು. ಮತ್ತೆ ಬೇಡ ಅಂದಳು. ಮತ್ತೆ ಒತ್ತಿದಳು. ಮುಖದಲ್ಲಿ ತುಂಟತನ ಇರಲಿಲ್ಲ. ಕೆಲಸದ ಮೇಲಿರುವವರ ಗಂಭೀರ ಮುಖ ಇರುತ್ತಲ್ಲ, ಆ ತರಹ.

ಅದನ್ನು ನೋಡಿದ ಮೇಲೆ ಹಠ ಅನ್ನೋ ಪದದ ಮೇಲೆ ನನಗೆ ಅನುಮಾನ ಬಂತು. ಅವಳಿಗೆ ಬೇಡ ಅಂದರೆ ಏನೋ ಅರ್ಥ ಆಗಿದೆ. ಆದರೆ ಅರ್ಥ ಆಗೋದು ಬೇರೆ, ಹೊರಟ ಕೈ ನಿಲ್ಲಿಸೋದು ಬೇರೆ. ಆಸೆ ತಡೆದುಕೊಳ್ಳುವ ಕೆಲಸದಲ್ಲಿ ದೊಡ್ಡ ಪಾಲು ಮಿದುಳಿನ ಮುಂಭಾಗದ್ದು. ಆ ಭಾಗ ಬಲಿಯೋದು ಎಲ್ಲಕ್ಕಿಂತ ಕೊನೆಗೆ. ವಯಸ್ಸು 20 ದಾಟಿದ ಮೇಲೂ ಬೆಳೀತಾನೇ ಇರುತ್ತದೆ. ಒಂದೂವರೆ ವರ್ಷದ ಮಗು ಒಂದು ಸಲ ಹೇಳಿದ್ದಕ್ಕೆ ನಿಲ್ಲಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವ ನಾನು, ರಾತ್ರಿ 11ಕ್ಕೆ ‘ಇದೊಂದೇ’ ಅಂತ ಫೋನ್ ಉಜ್ಜುತ್ತಾ ಕೂರುವ ಮನುಷ್ಯ.

ಇನ್ನೊಂದು ತಮಾಷೆ. ‘ಓಡಬೇಡ’ ಅಂದರೆ ಮಗು ಮೊದಲು ಕೇಳೋದು ‘ಓಡ’. ಬೇಡ ಕಿವಿಗೆ ತಲುಪುವಷ್ಟರಲ್ಲಿ ಕಾಲು ಹೊರಟಿರುತ್ತದೆ. ಅದರ ಬದಲು ‘ಮೆಲ್ಲಗೆ ನಡಿ’ ಅಂತ ಹೇಳಿ ನೋಡಿದೆ. ‘ಎಸೀಬೇಡ’ ಬದಲು ‘ಕೈಗೆ ಕೊಡು’. ಬೆಕ್ಕನ್ನು ಹೊಡೆಯುವಾಗ ‘ಹೊಡೀಬೇಡ’ ಬದಲು ‘ಹೀಗೆ ಸವರು’ ಅಂತ ಅವಳ ಕೈ ಹಿಡಿದು ತೋರಿಸಿದೆ. ಎಲ್ಲ ಸಲ ಕೆಲಸ ಮಾಡಲ್ಲ. ಹತ್ತರಲ್ಲಿ ನಾಲ್ಕು ಸಲ ಮಾಡುತ್ತದೆ ಅಂತ ನನ್ನ ಅಂದಾಜು. ಮೊದಲು ಹತ್ತಕ್ಕೆ ಒಂದೂ ಇರಲಿಲ್ಲ. ಬೆಕ್ಕಿಗೆ ಅಂತೂ ಲಾಭ ಆಗಿದೆ.

ಮಗುವನ್ನು ಬಿಟ್ಟು ಮನೆ ಬದಲಾಯಿಸಿದ್ದು

61 ಗೀಟುಗಳಲ್ಲಿ ಎಷ್ಟು ನಿಜವಾಗಿ ಬೇಕಿತ್ತು ಅಂತ ಕೂತು ಯೋಚಿಸಿದೆ. ಕಸದ ಬುಟ್ಟಿಗೇ 9 ಹೋಗಿತ್ತು. ಅದನ್ನು ಎತ್ತಿ ಮೇಲಿಟ್ಟರೆ ಮುಗೀತಲ್ವಾ? ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಚಾರ್ಜರ್ ವೈರಿಗೆ 7, ಪುಸ್ತಕದ ಕೆಳಗಿನ ಸಾಲಿಗೆ 6. ನಾನು ಮಂಡಿಯೂರಿ, ಅವಳ ಕಣ್ಣಿನ ಎತ್ತರದಲ್ಲಿ ಇಡೀ ಮನೆ ಸುತ್ತಿದೆ. ಅಲ್ಲಿಂದ ನೋಡಿದರೆ ಮನೆ ಬೇರೆಯೇ. ಮೇಜಿನ ಮೇಲೆ ಏನಿದೆ ಅಂತ ಕಾಣಲ್ಲ, ಅಂಚಿನಿಂದ ಜೋತುಬಿದ್ದ ಬಟ್ಟೆಯ ತುದಿ ಮಾತ್ರ ಕಾಣುತ್ತದೆ. ಎಳೆಯದೆ ಇನ್ನೇನು ಮಾಡುವುದು?

ಈ ವಯಸ್ಸಿನ ಕಾಲು ಸುಮ್ನಿರುವ ಕಾಲಲ್ಲ. ಅಮೆರಿಕದ ಸಂಶೋಧಕಿ ಕ್ಯಾರೆನ್ ಅಡಾಲ್ಫ್ ತಂಡ 2012ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. 12ರಿಂದ 19 ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡುವಾಗ ಎಷ್ಟು ನಡೆಯುತ್ತಾರೆ ಅಂತ ಎಣಿಸಿದ್ದರು. ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳೋದು. ಅದನ್ನು ಓದಿದ ಮೇಲೆ ‘ಒಂದು ನಿಮಿಷ ಕೂತ್ಕೋ’ ಅನ್ನೋದನ್ನು ನಾನು ಬಹಳ ಕಮ್ಮಿ ಮಾಡಿದ್ದೇನೆ. ಬಿದ್ದಾಗೆಲ್ಲ ಅಯ್ಯೋ ಅಂತ ಓಡೋದನ್ನೂ. ಗಂಟೆಗೆ 17 ಅಯ್ಯೋ ಅಂದರೆ ಯಾರ ಗಂಟಲು ತಡೆಯುತ್ತೆ?

ಅಡುಗೆಮನೆಯ ಕೆಳಗಿನ ಒಂದು ಡ್ರಾಯರ್ ಪೂರ್ತಿ ಅವಳಿಗೆ ಬಿಟ್ಟುಕೊಟ್ಟೆವು. ಅದರಲ್ಲಿ ಪ್ಲಾಸ್ಟಿಕ್ ಡಬ್ಬಿ, ಮರದ ಸೌಟು, ಮುಚ್ಚಳಗಳು. ನಾನು ಅಡುಗೆ ಮಾಡುವಾಗ ಅವಳು ಅದನ್ನೆಲ್ಲ ಹೊರಗೆ ಸುರಿದು ಮತ್ತೆ ತುಂಬುತ್ತಾಳೆ. ಸುರಿಯೋದು ತುಂಬೋದಕ್ಕಿಂತ ಜಾಸ್ತಿ, ನಿಜ. ಆದರೆ ಆ ಡ್ರಾಯರ್ ಬಂದ ಮೇಲೆ ಬೇರೆ ಡ್ರಾಯರುಗಳ ಮೇಲೆ ಅವಳ ಕಣ್ಣು ಬೀಳೋದು ಕಮ್ಮಿ ಆಗಿದೆ. ಎತ್ತರದ ಕಪಾಟು, ಟಿವಿ ಎರಡನ್ನೂ ಗೋಡೆಗೆ ಬಿಗಿದೆವು. ಹತ್ತಲು ಹೋದರೆ ಮೇಲೆ ಮಗುಚಿಕೊಳ್ಳುತ್ತವೆ. ಇದನ್ನು ನಡೆಯಲು ಶುರು ಮಾಡುವ ಮೊದಲೇ ಮಾಡಬೇಕಿತ್ತು, ಸೋಮಾರಿತನ.

ಹೀಗೆ ಕಳೆದು ಕಳೆದು ಕೊನೆಗೆ ಕೆಲವೇ ಬೇಡಗಳು ಉಳಿದವು. ಬಿಸಿ. ನೀರು. ರಸ್ತೆ. ಬಾಯಿಗೆ ಹೋಗಬಾರದ್ದು. ಈ ನಾಲ್ಕಕ್ಕೆ ಮಾತ್ರ ಗಟ್ಟಿ ದನಿ. ಆದರೆ ಒಂದು ಮಾತು ಇಲ್ಲಿ ಹೇಳಲೇಬೇಕು. ದನಿಯನ್ನು ನಂಬಿಕೊಂಡು ಈ ವಯಸ್ಸಿನ ಮಗುವನ್ನು ಬಿಡೋ ಹಾಗಿಲ್ಲ. ತುಂಬಿದ ಬಕೆಟ್ ಹತ್ತಿರ ಹೋಗಬೇಡ ಅಂತ ನೂರು ಸಲ ಹೇಳೋದಕ್ಕಿಂತ ಬಕೆಟ್ ಖಾಲಿ ಮಾಡಿ ಬೋರಲು ಹಾಕೋದು ಮೇಲು. ಈ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆಯ ಭಾರ ಜಾಸ್ತಿ. ಬಗ್ಗಿ ನೋಡಿದರೆ ತಲೆ ಮುಂದಾಗಿ ಬೀಳುತ್ತಾರೆ, ತಾವಾಗಿ ಎದ್ದು ಬರಲು ಆಗಲ್ಲ. ಕೆಲವೇ ಸೆಂಟಿಮೀಟರ್ ನೀರು ಸಾಕು, ಸದ್ದೂ ಕೇಳಿಸಲ್ಲ.

ಬಟನ್ ಸೆಲ್, ಅಂದರೆ ಗುಂಡಿಯಂಥ ಚಪ್ಪಟೆ ಬ್ಯಾಟರಿ, ಅದರ ಬಗ್ಗೆಯೂ ಅಷ್ಟೇ. ರಿಮೋಟ್, ಥರ್ಮಾಮೀಟರ್, ತೂಕದ ಯಂತ್ರ, ಹಾಡುವ ಆಟಿಕೆ, ಯಾವುದರಲ್ಲೂ ಇರಬಹುದು. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಒಳಗೆ ಸುಟ್ಟು ತೂತು ಬೀಳುವ ಮಟ್ಟಕ್ಕೆ ಹೋಗಬಹುದು. ಮಗು ಆರಾಮಾಗಿ ಆಡಿಕೊಂಡಿದ್ದರೂ ನುಂಗಿದ ಅನುಮಾನ ಬಂದರೆ ‘ನಾಳೆ ನೋಡೋಣ’ ಅನ್ನೋ ಮಾತೇ ಇಲ್ಲ, ಆ ಕ್ಷಣವೇ ಆಸ್ಪತ್ರೆಗೆ. ಸ್ಕ್ರೂ ಇಲ್ಲದೆ ಬರೀ ಉಗುರಿನಿಂದ ತೆಗೆಯಬಹುದಾದ ಬ್ಯಾಟರಿ ಮುಚ್ಚಳ ಇರುವ ಆಟಿಕೆಗಳನ್ನೆಲ್ಲ ನಾವು ಮನೆಯಿಂದ ಆಚೆ ಹಾಕಿದೆವು. ದ್ರಾಕ್ಷಿ ಇಡಿಯಾಗಿ ಕೊಡಲ್ಲ, ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡುತ್ತೇವೆ. ಇಡೀ ಕಾಳು, ಬೀಜಗಳು ಇನ್ನೂ ಕೆಲವು ವರ್ಷ ದೂರ. ಅಡ್ಡಕ್ಕೆ ಕತ್ತರಿಸಿದ ದ್ರಾಕ್ಷಿ ದುಂಡಗೇ ಇರುತ್ತದೆ, ಉಸಿರುನಾಳಕ್ಕೆ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಇದು ನನಗೆ ಮೊದಲು ಗೊತ್ತಿರಲಿಲ್ಲ.

ಮುರಿದ ಬಾಳೆಹಣ್ಣು

ಮತ್ತೆ ಬಾಳೆಹಣ್ಣಿಗೆ ಬರುತ್ತೇನೆ. ಅದಿಲ್ಲದೆ ನಮ್ಮ ಮನೆಯ ಯಾವ ಕಥೆಯೂ ಮುಗಿಯಲ್ಲ.

ಕೈ ನೋಡಬೇಕು ಅಂತ ಕಲಿತ ಮೇಲೆ ಒಂದು ದಿನ, ಕೇಳದೆ ಹಣ್ಣು ಸುಲಿದು ಕೊಟ್ಟೆ. ಅವಳು ಹಿಡಿದಾಗ ಮಧ್ಯಕ್ಕೆ ಮುರಿಯಿತು. ಅವಳು ಎರಡು ತುಂಡನ್ನೂ ನೋಡಿದಳು. ಒಂದನ್ನು ಇನ್ನೊಂದರ ಮೇಲಿಟ್ಟು ಒತ್ತಿದಳು. ಅಂಟಲಿಲ್ಲ. ನನ್ನ ಕೈಗೆ ಕೊಟ್ಟಳು, ಸರಿಮಾಡು ಅನ್ನೋ ಹಾಗೆ. ನಾನು ನಕ್ಕುಬಿಟ್ಟೆ. ಅಷ್ಟೇ. ನೆಲಕ್ಕೆ ಬಿದ್ದಳು, ಕಾಲು ಬಡಿದಳು, ಹಣ್ಣು ಹಿಸುಕಿ ನೆಲಕ್ಕೆಲ್ಲ ಬಳಿದಳು. ಇನ್ನೊಂದು ಹಣ್ಣು ಕೊಡಲು ಹೋದೆ, ಬೇಡ. ಎತ್ತಿಕೊಳ್ಳಲು ಹೋದೆ, ಬೇಡ. ವಿವರಿಸಲು ಶುರು ಮಾಡಿದೆ. ಅಳು ಎರಡು ಪಟ್ಟು ಆಯಿತು. ಆಮೇಲೆ ಸುಮ್ನೆ ಒಂದು ಮೊಳ ದೂರದಲ್ಲಿ ನೆಲದ ಮೇಲೆ ಕೂತೆ. ಗೋಡೆ ಗಡಿಯಾರ ನೋಡಿದೆ, ಬೇರೆ ಏನೂ ತೋಚದೆ. ನನಗೆ ಅರ್ಧ ಗಂಟೆ ಅನಿಸಿದ್ದು ನಾಲ್ಕು ನಿಮಿಷ ಇತ್ತು. ಕೊನೆಗೆ ಅಳುವಿನ ದನಿ ಬದಲಾಯಿತು. ಕಿರುಚಾಟ ಹೋಗಿ ಬಿಕ್ಕು ಬಂತು. ತಾನೇ ತೆವಳಿಕೊಂಡು ಬಂದು ಅಂಟಂಟು ಕೈಯಲ್ಲಿ ನನ್ನ ಕುತ್ತಿಗೆ ಹಿಡಿದಳು.

ಆಮೇಲೆ ಗೊತ್ತಾಗಿದ್ದು, ಇದೂ ಯಾರೋ ಅಳೆದಿರುವ ವಿಷಯ. 2003ರಲ್ಲಿ ಮೈಕಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ ಅನ್ನುವ ಸಂಶೋಧಕರು 335 ಮಕ್ಕಳ ತಂದೆತಾಯಿಯರಿಂದ ರಂಪಾಟದ ವಿವರ ಬರೆಸಿಕೊಂಡಿದ್ದರು. ಮುಕ್ಕಾಲು ಪಾಲು ರಂಪಾಟ 5 ನಿಮಿಷದೊಳಗೆ ಮುಗಿದಿದ್ದವು. ಶುರುವಿನ ಅರ್ಧ ನಿಮಿಷದಲ್ಲೇ ಕಾಲು ಬಡಿದರೆ ಅಥವಾ ನೆಲಕ್ಕೆ ಬಿದ್ದರೆ ಬೇಗ ಮುಗಿಯುವ ಸಾಧ್ಯತೆ ಜಾಸ್ತಿಯಂತೆ. ಈಗ ಅವಳು ನೆಲಕ್ಕೆ ಬಿದ್ದ ಕೂಡಲೇ ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಸದ್ಯ, ಬಿದ್ದಳು.

ಸಿಟ್ಟಿನಲ್ಲಿರುವಾಗ ಬುದ್ಧಿ ಹೇಳೋದು ನನಗಂತೂ ಒಂದು ಸಲವೂ ಕೆಲಸ ಮಾಡಿಲ್ಲ. ತಲೆ ಏನಕ್ಕಾದರೂ ಬಡಿಯದ ಹಾಗೆ ನೋಡಿಕೊಂಡು, ಹತ್ತಿರದಲ್ಲೇ ಇದ್ದು, ಬಿಕ್ಕು ಬರುವ ತನಕ ಕಾಯೋದು. ಹೊಸ ಹಣ್ಣು ಆಮೇಲೆ. ಮತ್ತೆ, ಫ್ರಿಜ್ಜಿನ ಕಾಗದ ನೋಡಿದರೆ ಅವಳ ಗೀಟುಗಳಲ್ಲಿ ಜಾಸ್ತಿ ಬಿದ್ದಿರೋದು ಊಟಕ್ಕೆ ಮುಂಚೆ, ನಿದ್ದೆಗೆ ಮುಂಚೆ. 1ರಿಂದ 2 ವರ್ಷದ ಮಕ್ಕಳಿಗೆ ಹಗಲು ನಿದ್ದೆ ಸೇರಿಸಿ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವಳು ಆಗ ಎರಡು ಹಗಲು ನಿದ್ದೆಯಿಂದ ಒಂದಕ್ಕೆ ಇಳಿಯುತ್ತಿದ್ದಳು. ಒಂದು ಸಾಲಲ್ಲ, ಎರಡು ಮಾಡಿದರೆ ರಾತ್ರಿ 10 ಆದರೂ ಕಣ್ಣು ಮುಚ್ಚಲ್ಲ. ಆ ತಿಂಗಳು ನಾವು ಹಠ ಅಂದುಕೊಂಡಿದ್ದರಲ್ಲಿ ಅರ್ಧ ಬರೀ ನಿದ್ದೆ. ರಾತ್ರಿ ಮುಕ್ಕಾಲು ಗಂಟೆ ಬೇಗ ಮಲಗಿಸಲು ಶುರು ಮಾಡಿದೆವು, ಅಷ್ಟೇ ಮಾಡಿದ್ದು.

ಕೇಳಬಾರದ ಪ್ರಶ್ನೆ

ನನ್ನ ಇನ್ನೊಂದು ತಪ್ಪು ‘ಆ’ಕಾರದ್ದು. ಸ್ನಾನ ಮಾಡೋಣ್ವಾ? ಹಲ್ಲು ಉಜ್ಜೋಣ್ವಾ? ಔಷಧಿ ಕುಡೀತೀಯಾ? ಮರ್ಯಾದೆಗೆ ಕೇಳಿದ ಪ್ರಶ್ನೆ. ಅವಳು ಮರ್ಯಾದೆಯಿಂದ ಬೇಡ ಅಂತ ಉತ್ತರ ಕೊಡುತ್ತಾಳೆ. ಆಮೇಲೆ ನಾನು ಎತ್ತಿಕೊಂಡು ಹೋಗಿ ಸ್ನಾನ ಮಾಡಿಸುತ್ತೇನೆ. ಹಾಗಾದರೆ ಕೇಳಿದ್ದು ಯಾಕೆ? ಅವಳ ಜಾಗದಲ್ಲಿ ನಾನಿದ್ದರೂ ಕಿರುಚುತ್ತಿದ್ದೆ.

ಈಗ ಆಯ್ಕೆ ಇಲ್ಲದ ಕಡೆ ಕೇಳಲ್ಲ. ‘ಸ್ನಾನದ ಹೊತ್ತಾಯ್ತು, ನೀಲಿ ಮಗ್ ತಗೋತೀಯೋ ಕೆಂಪು ಮಗ್ಗೋ?’ ಅಂತ ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತೇನೆ. ಈ ಪ್ರಶ್ನೆಗೆ ಬೇಡ ಅನ್ನೋ ಉತ್ತರ ಸುಲಭವಾಗಿ ಕೂರಲ್ಲ. ಎರಡೇ ಸಾಕು, ಮೂರು ಕೊಟ್ಟರೆ ಗೊಂದಲ. ಹಲ್ಲುಜ್ಜುವಾಗ ಅವಳ ಕೈಗೊಂದು ಬ್ರಷ್, ನನ್ನ ಕೈಗೊಂದು. ಪೇಸ್ಟು ಒಂದು ಅಕ್ಕಿಕಾಳಿನಷ್ಟು. ಅವಳು ನನ್ನ ಹಲ್ಲು ಉಜ್ಜುತ್ತಾಳೆ, ನಾನು ಅವಳದು. ನನ್ನ ಮೂಗಿಗೂ ಒಂದಿಷ್ಟು ಸಿಗುತ್ತದೆ. ಉಗುರು ಕತ್ತರಿಸೋದಕ್ಕೆ ಮಾತ್ರ ಇವತ್ತಿಗೂ ಉಪಾಯ ಸಿಕ್ಕಿಲ್ಲ, ನಿದ್ದೆ ಮಾಡುವಾಗಲೇ ಕತ್ತರಿಸೋದು. ಎರಡು ವರ್ಷದ ಒಳಗೆ ಸ್ಕ್ರೀನ್ ಬೇಡ ಅನ್ನೋದನ್ನು ಒಪ್ಪಿಕೊಂಡಿದ್ದೇವೆ, ಬಹುಮಟ್ಟಿಗೆ ಪಾಲಿಸುತ್ತೇವೆ. ಆದರೆ ಒಂದು ಜ್ವರದ ರಾತ್ರಿ ಔಷಧಿಗಾಗಿ ಫೋನ್ ತೋರಿಸಿದ್ದು ಉಂಟು. ಅದಕ್ಕೆ ನಾನು ಪಶ್ಚಾತ್ತಾಪ ಪಡಲು ಹೋಗಿಲ್ಲ.

ಬೇಡ ಅನ್ನೋದನ್ನು ಪೂರ್ತಿ ಒಪ್ಪಿಕೊಂಡಿರೋದು ಒಂದೇ ಕಡೆ, ತಟ್ಟೆಯ ಮುಂದೆ. ಇದು ನಮಗೆ ಎಲ್ಲಕ್ಕಿಂತ ಕಷ್ಟ ಆಯಿತು. ಒಂದು ವರ್ಷದ ತನಕ ಚೆನ್ನಾಗಿ ತಿನ್ನುತ್ತಿದ್ದ ಮಗು ಆಮೇಲೆ ಎರಡು ತುತ್ತಿಗೇ ಮುಖ ತಿರುಗಿಸಿದರೆ ಯಾರಿಗೆ ಗಾಬರಿ ಆಗಲ್ಲ? ಮಕ್ಕಳ ಡಾಕ್ಟರು ತೂಕದ ಚಾರ್ಟ್ ತಿರುಗಿಸಿ ತೋರಿಸಿದರು. ಹುಟ್ಟಿದಾಗ 3 ಕಿಲೋ ಇದ್ದ ಮಗು ಮೊದಲ ಹುಟ್ಟುಹಬ್ಬಕ್ಕೆ ಹೆಚ್ಚುಕಡಿಮೆ 9 ಕಿಲೋ ಆಗುತ್ತದೆ. ಎರಡನೇ ವರ್ಷ ಪೂರ್ತಿ ಸೇರೋದು 2ರಿಂದ 2.5 ಕಿಲೋ ಅಷ್ಟೇ. ಬೆಳೆಯುವ ವೇಗ ಇಳಿದ ಮೇಲೆ ಹಸಿವೂ ಇಳಿಯುತ್ತದೆ. ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಕೆಲಸ. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಕೆಲಸ. ಹೀಗೆ ಕೆಲಸ ಹಂಚಿಕೊಟ್ಟವರು ಎಲಿನ್ ಸ್ಯಾಟರ್ ಅನ್ನೋ ಅಮೆರಿಕದ ಆಹಾರ ತಜ್ಞೆ. ಹಿಂದೆ ಹಿಂದೆ ಓಡಿ ತುತ್ತು ತುರುಕೋದು ನಿಲ್ಲಿಸಿದೆವು. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದ ಹಾಗೆ ನೋಡಿಕೊಂಡೆವು, ಹೊಟ್ಟೆ ತುಂಬ ಹಾಲೇ ಇದ್ದರೆ ಊಟಕ್ಕೆ ಜಾಗ ಎಲ್ಲಿ, ಕಬ್ಬಿಣದ ಅಂಶವೂ ಕಮ್ಮಿ ಆಗುತ್ತದೆ. ಹೊಸ ತರಕಾರಿಯನ್ನು ಹತ್ತು ಹದಿನೈದು ಸಲ ತಟ್ಟೆಯಲ್ಲಿ ನೋಡಿದ ಮೇಲೆ ಬಾಯಿಗಿಡುವ ಮಕ್ಕಳು ಎಷ್ಟೋ ಇದ್ದಾರೆ. ನಾವು ಮೂರನೇ ಸಲಕ್ಕೇ ‘ಇವಳಿಗೆ ಇದು ಇಷ್ಟ ಇಲ್ಲ’ ಅಂತ ತೀರ್ಪು ಕೊಟ್ಟಿರುತ್ತಿದ್ದೆವು. ತೂಕ ಇಳಿಯುತ್ತಿದ್ದರೆ, ಮಂಕಾಗಿದ್ದರೆ, ಇದ್ದ ಪದಗಳು ಮರೆಯಾಗುತ್ತಿದ್ದರೆ ಮಾತ್ರ ಇಂಥ ಸಮಾಧಾನ ಮಾಡಿಕೊಂಡು ಕೂರಬಾರದು, ಡಾಕ್ಟರಿಗೆ ತೋರಿಸಬೇಕು.

ಬಟ್ಟೆ ಒಗೆಯುವ ದಿನ

ಇವಳ ಬೇಡ ಅತಿ ಕಮ್ಮಿ ಕೇಳಿಸೋದು ಯಾವಾಗ ಗೊತ್ತಾ? ಕೆಲಸ ಮಾಡುವಾಗ. ಆಟಿಕೆ ಕೊಟ್ಟು ಕೂರಿಸಿದಾಗ ಅಲ್ಲ. ವಾಷಿಂಗ್ ಮಷೀನಿನಿಂದ ಒದ್ದೆ ಬಟ್ಟೆ ತೆಗೆದು ಬುಟ್ಟಿಗೆ ಹಾಕುವ ಕೆಲಸ ಅವಳದು. ಒಂದು ಕಾಲುಚೀಲ, ಒಂದು ಕರ್ಚೀಫು, ಹೀಗೆ. ನಾನೊಬ್ಬನೇ ಮಾಡಿದರೆ ಐದು ನಿಮಿಷ, ಅವಳ ಜೊತೆ ಇಪ್ಪತ್ತು. ಒಂದು ದಿನ ತೋಳ ತುಂಬ ಬಟ್ಟೆ ಹೊತ್ತು ಬಂದೆ. ಬಾಲ್ಕನಿ ಬಾಗಿಲು ತೆಗೆಯಲು ಕೈ ಖಾಲಿ ಇರಲಿಲ್ಲ. ಭುಜದಿಂದ ತಳ್ಳುತ್ತಿದ್ದೆ. ಅವಳು ಬುಟ್ಟಿ ಬಿಟ್ಟು ಬಂದು ಎರಡೂ ಅಂಗೈ ಬಾಗಿಲಿಗೆ ಒತ್ತಿ ದೂಡಿದಳು. ನಾನು ಏನೂ ಕೇಳಿರಲಿಲ್ಲ. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲೊ ಅನ್ನೋ ಸಂಶೋಧಕರು ಇದೇ ತರಹದ್ದನ್ನು ಮಾಡಿ ನೋಡಿದ್ದರು. ಕೈ ತುಂಬ ವಸ್ತು ಹಿಡಿದ ಅಪರಿಚಿತರೊಬ್ಬರು ಕಪಾಟಿನ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾ ನಿಂತರೆ 18 ತಿಂಗಳ ಮಕ್ಕಳು ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದವು. ಯಾರೂ ಹೇಳಿರಲಿಲ್ಲ, ಬಹುಮಾನವೂ ಇರಲಿಲ್ಲ.

ಡೈಪರ್ ಬದಲಾಯಿಸುವಾಗ ಈಗ ಕ್ರೀಮಿನ ಟ್ಯೂಬ್ ಹಿಡಿದುಕೊಳ್ಳೋದು ಅವಳ ಕೆಲಸ. ಮುಚ್ಚಳ ಬಿಗಿಯಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇದು ಅನುಭವದ ಮಾತು.

ಕಾಗದ ಇನ್ನೂ ಫ್ರಿಜ್ಜಿನ ಮೇಲಿದೆ. ಹೆಂಡತಿ ಬಂದ ದಿನವೇ ನೋಡಿ, ‘ನನ್ನದೂ ಒಂದು ಗೆರೆ ಎಳಿ’ ಅಂದಿದ್ದಳು, ಎರಡು ದಿನ ಆದ ಮೇಲೆ ಅಳಿಸು ಅಂದಳು. ಎಷ್ಟು ಬಂದಿತ್ತು ಅಂತ ಇಲ್ಲಿ ಬರೆಯೋ ಹಾಗಿಲ್ಲ.

ಹೋದ ವಾರ ನಾನು ಲ್ಯಾಪ್‌ಟಾಪ್ ನೋಡುತ್ತಾ ಬಿಸಿ ಕಾಫಿ ಲೋಟವನ್ನು ಮೇಜಿನ ಅಂಚಿಗೆ ಇಟ್ಟುಬಿಟ್ಟಿದ್ದೆ. ಮಗಳು ಬಂದು ನಿಂತಳು. ಲೋಟ ನೋಡಿದಳು, ನನ್ನನ್ನು ನೋಡಿದಳು. ಕೈ ಬೆನ್ನ ಹಿಂದೆ ಇತ್ತು. ‘ಅಪ್ಪ, ಬೇಡ’ ಅಂದಳು. ನಾನು ಲೋಟ ಒಳಗೆ ಸರಿಸಿದೆ. ಅವಳು ಸರಿ ಅನ್ನೋ ಹಾಗೆ ತಲೆ ಆಡಿಸಿ, ನನ್ನ ಮನೆ ಬೀಗದಕೈ ತಗೊಂಡು ಹೋಗಿ ಖಾಲಿ ಬಕೆಟ್ಟಿನ ಕೆಳಗೆ ಬಚ್ಚಿಟ್ಟಳು. ಅದು ಸಿಕ್ಕಿದ್ದು ಮಾರನೇ ದಿನ.